ಮೈದಾ, ಬಿಳಿ ಅಕ್ಕಿ ತಿಂದಿದ್ದಕ್ಕೇ ಕ್ಯಾನ್ಸರ್ ಬಂತಾ? ನೆಂಟರ ಬಾಯಿ ಮುಚ್ಚಿಸೋದು ಹೇಗೆ?

ಗಿರಿನಗರದ ಸೊಸೆ

ನಮಸ್ಕಾರ. ಮಾವನಿಗೆ (68) ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಗಿ ಆಪರೇಷನ್ ಆಗಿದೆ. ಮುಂದಿನ ವಾರದಿಂದ ಕೀಮೋ. ಚಿಕಿತ್ಸೆ ಡಾಕ್ಟ್ರು ಹೇಳಿದ ಹಾಗೇ ನಡೀತಿದೆ, ಅದರ ಬಗ್ಗೆ ನನ್ನ ಪ್ರಶ್ನೆ ಇಲ್ಲ. ತಲೆನೋವಾಗಿರೋದು ನೋಡೋಕೆ ಬರೋ ನೆಂಟರು. ಹಣ್ಣಿನ ಕವರ್ ಟೇಬಲ್ ಮೇಲಿಟ್ಟ ಕೂಡಲೇ ಶುರು: "ಇವ್ರು ದಿನಾ ಸಂಜೆ ಬೇಕರಿ ಬನ್ ತಿಂತಿದ್ರಲ್ಲ, ಮೈದಾ ಕರುಳಿಗೆ ಅಂಟಿಕೊಂಡು ಗಂಟಾಗಿದೆ." ಇನ್ನೊಬ್ಬರು ಬಿಳಿ ಅನ್ನವೇ ವಿಷ, ಇವತ್ತೇ ನಿಲ್ಲಿಸಿ ನವಣೆ ಕೊಡಿ ಅಂತಾರೆ. ಅತ್ತೆ ಅಡುಗೆಮನೇಲಿ ಕೂತು ಅಳ್ತಾರೆ, ನಲವತ್ತು ವರ್ಷ ನಾನೇ ಅನ್ನ ಬಡಿಸಿದ್ದು ಅಂತ.

ಪಾಲಿಶ್ ಅಕ್ಕಿ, ಮೈದಾ ಇವಕ್ಕೂ ಕ್ಯಾನ್ಸರ್‌ಗೂ ನಿಜವಾಗಿ ಸಂಬಂಧ ಇದೆಯಾ? ಈಗ ಅವರಿಗೆ ಅನ್ನ ನಿಲ್ಲಿಸಬೇಕಾ? ನಮ್ಮ ಮನೆಯ ಉಳಿದವರು ಏನು ಬದಲಾಯಿಸಬೇಕು? ದಯವಿಟ್ಟು ಫಾರ್ವರ್ಡ್ ಮೆಸೇಜ್ ಹಾಕಬೇಡಿ, ನನ್ನ ಫೋನ್ ತುಂಬಾ ಅದೇ ಇದೆ.

ಮಾಗಡಿ ರೋಡ್ ಮಂದಿ

ಮೈದಾಗೆ ಅಲಾಕ್ಸಾನ್ ಅನ್ನೋ ಕೆಮಿಕಲ್ ಹಾಕ್ತಾರೆ. ಅದರಿಂದಾನೇ ಶುಗರ್, ಕ್ಯಾನ್ಸರ್ ಎಲ್ಲಾ. ಗೂಗಲ್ ಮಾಡಿ ನೋಡಿ.

ಡಯಟಿಶಿಯನ್, ರಾಜಾಜಿನಗರ

ಮೇಲಿನವರಿಗೆ: ಫಾರ್ವರ್ಡ್ ಬೇಡ ಅಂತ ಅವರು ಈಗಷ್ಟೇ ಕೇಳ್ಕೊಂಡ್ರು. ಲ್ಯಾಬ್‌ನಲ್ಲಿ ಇಲಿಗಳಿಗೆ ಡಯಾಬಿಟಿಸ್ ಬರಿಸೋಕೆ ಅಲಾಕ್ಸಾನ್ ಚುಚ್ಚೋದು ನಿಜ. ಆದರೆ ಮಿಲ್‌ನಲ್ಲಿ ಯಾರೂ ಅದನ್ನ ಮೂಟೆ ತಂದು ಹಿಟ್ಟಿಗೆ ಸುರಿಯಲ್ಲ. ಹಿಟ್ಟು ಬಿಳಿ ಮಾಡೋ ಪುಡಿಗಳು ಬೇರೆ.

ಸೊಸೆಯವರೇ, ಮೊದಲು ನಿಮ್ಮ ಎರಡನೇ ಪ್ರಶ್ನೆ. ಅದೇ ಅರ್ಜೆಂಟು. ಕರುಳಿನ ಆಪರೇಷನ್ ಆದವರಿಗೆ, ಕೀಮೋದಲ್ಲಿ ಭೇದಿ ಆಗೋರಿಗೆ, ಹೊಟ್ಟೆಯ ಕೆಳಭಾಗಕ್ಕೆ ರೇಡಿಯೇಷನ್ ತಗೊಳ್ಳೋರಿಗೆ ಕೆಲವು ವಾರ ನಾರು ಕಡಿಮೆ ಇರೋ ಊಟವನ್ನೇ ಕೊಡಿ ಅಂತ ನಾವೇ ಬರೆದುಕೊಡ್ತೀವಿ. ಮೆತ್ತಗೆ ಬೆಂದ ಬಿಳಿ ಅನ್ನ, ಮೊಸರು, ತಿಳಿ ಬೇಳೆಕಟ್ಟು, ಇಡ್ಲಿ, ಮೊಟ್ಟೆ. ಹೊಲಿಗೆ ಹಾಕಿರೋ ಕರುಳಿಗೆ ನವಣೆ, ಸೊಪ್ಪಿನ ದಂಟು, ಮೊಳಕೆಕಾಳು ಒಟ್ಟಿಗೆ ತುಂಬಿದ್ರೆ ನೋವು, ಉಬ್ಬರ, ಕೆಲವರಿಗೆ ಅಡಚಣೆಯೂ ಆಗಬಹುದು. ಕೀಮೋ ಸಮಯದಲ್ಲಿ ತೂಕ ಇಳಿಯದ ಹಾಗೆ ನೋಡ್ಕೊಳ್ಳೋದೇ ದೊಡ್ಡ ಕೆಲಸ. ಬಾಯಿರುಚಿ ಕೆಟ್ಟಿರೋ ಮನುಷ್ಯ ಎರಡು ತುತ್ತು ಮೊಸರನ್ನ ತಿಂತಾರೆ ಅಂದ್ರೆ ಅದನ್ನ ಕಿತ್ಕೋಬೇಡಿ. ನಾರು ಯಾವಾಗ, ಎಷ್ಟು ವಾಪಸ್ ಸೇರಿಸಬೇಕು ಅನ್ನೋದನ್ನ ಅವರ ಆಸ್ಪತ್ರೆಯ ಡಯಟಿಶಿಯನ್ ಹೇಳಬೇಕು. ನಾನು ಇಲ್ಲಿ ಹೇಳಲ್ಲ, ಅವರ ಫೈಲ್ ನಾನು ನೋಡಿಲ್ಲ.

"ಮೈದಾ ಕರುಳಿಗೆ ಅಂಟುತ್ತೆ" ಅನ್ನೋದು ಸುಳ್ಳು. ಮೈದಾ ಅಂದ್ರೆ ಗೋಧಿಯ ಪಿಷ್ಟ, ಸ್ವಲ್ಪ ಪ್ರೋಟೀನು. ಅದು ಸಣ್ಣ ಕರುಳಿನಲ್ಲೇ ಬಹುತೇಕ ಜೀರ್ಣ ಆಗಿಹೋಗುತ್ತೆ. ದೊಡ್ಡ ಕರುಳಿಗೆ ತಲುಪೋದೇ ಕಮ್ಮಿ. ಸಮಸ್ಯೆ ಇರೋದೇ ಅಲ್ಲಿ. ನಾರು ಇದ್ರೆ ಅದು ಜೀರ್ಣ ಆಗದೆ ದೊಡ್ಡ ಕರುಳಿಗೆ ಇಳಿಯುತ್ತೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ಹುದುಗಿಸಿ ಬ್ಯುಟಿರೇಟ್ ಅನ್ನೋ ಕೊಬ್ಬಿನಾಮ್ಲ ಮಾಡ್ತವೆ. ಕರುಳಿನ ಒಳಪದರದ ಕೋಶಗಳು ಬದುಕೋದೇ ಹೆಚ್ಚಾಗಿ ಅದರ ಮೇಲೆ. ಜೊತೆಗೆ ಮಲ ದಪ್ಪ ಆಗಿ ಬೇಗ ಹೊರಗೆ ಹೋಗುತ್ತೆ. ಬರೀ ಬಿಳಿ ಧಾನ್ಯದ ಊಟದಲ್ಲಿ ಈ ಕೆಲಸಕ್ಕೆ ಸಾಮಾನು ಸಾಲಲ್ಲ. ಮೈದಾ ಬಂದು ಏನೋ ಕೆಟ್ಟದ್ದು ಮಾಡಿತು ಅನ್ನೋದಕ್ಕಿಂತ, ಬರಬೇಕಾಗಿದ್ದದ್ದು ಬರಲಿಲ್ಲ ಅನ್ನೋದೇ ಸರಿ.

ಅಂಕಿಅಂಶ ಅಣ್ಣ

ಡಯಟಿಶಿಯನ್ ಹೇಳಿದ್ದಕ್ಕೆ ಲೆಕ್ಕ ಸೇರಿಸ್ತೀನಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ ಇದೆಯಲ್ಲ, ಅದರ ಗುಂಪು 1ರಲ್ಲಿ (ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಖಾತ್ರಿ ಆಗಿರೋವು) ತಂಬಾಕು, ಮದ್ಯ, ಅಡಿಕೆ (ಹೌದು, ಬರೀ ಅಡಿಕೆನೂ), ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಹುಟ್ಟೋ ವಿಷ), 2015ರಿಂದ ಸಂಸ್ಕರಿಸಿದ ಮಾಂಸ ಇವೆಲ್ಲಾ ಇವೆ. ಮೈದಾ, ಬಿಳಿ ಅಕ್ಕಿ ಆ ಪಟ್ಟಿಯ ಯಾವ ಗುಂಪಲ್ಲೂ ಇಲ್ಲ.

ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್‌ನವರ 2018ರ ದೊಡ್ಡ ವರದಿ ಏನು ಹೇಳುತ್ತೆ ಅಂದ್ರೆ, ಪೂರ್ಣ ಧಾನ್ಯ ಮತ್ತು ನಾರು ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ "ಬಹುಶಃ" ರಕ್ಷಣೆ ಕೊಡುತ್ತೆ. ದಿನಕ್ಕೆ 90 ಗ್ರಾಂ ಪೂರ್ಣ ಧಾನ್ಯ ತಿನ್ನೋರಲ್ಲಿ ಅಪಾಯ ಸುಮಾರು 17% ಕಡಿಮೆ. ಈ 17% ನೋಡಿ ಜನ ಕುಣೀತಾರೆ. ಉದಾಹರಣೆಗೆ ಸಾವಿರ ಜನರಲ್ಲಿ 10 ಮಂದಿಗೆ ಬರೋದಿತ್ತು ಅಂತ ಇಟ್ಕೊಳ್ಳಿ, ಅದು 8ಕ್ಕೋ 9ಕ್ಕೋ ಇಳಿಯುತ್ತೆ, ಅಷ್ಟೇ. ಊರಿಗೆಲ್ಲಾ ಲೆಕ್ಕ ಹಾಕಿದ್ರೆ ದೊಡ್ಡದು. ಒಬ್ಬ ಮನುಷ್ಯನ್ನ ಮುಂದೆ ಕೂರಿಸಿ "ನೀನು ಬನ್ ತಿಂದೆ, ಅದಕ್ಕೇ ಬಂತು" ಅನ್ನೋಕೆ ಈ ಅಂಕಿಯಲ್ಲಿ ಆಧಾರವೇ ಇಲ್ಲ.

ಇನ್ನೊಂದು. ಪೂರ್ಣ ಧಾನ್ಯ ರಕ್ಷಿಸುತ್ತೆ ಅಂದ ಮಾತ್ರಕ್ಕೆ ಪಾಲಿಶ್ ಧಾನ್ಯ ರೋಗ ತರುತ್ತೆ ಅಂತ ಆಗಲ್ಲ. ಎರಡೂ ಬೇರೆ ವಾದ. ಪಾಲಿಶ್ ಧಾನ್ಯ ಜಾಸ್ತಿ ತಿನ್ನೋರು ಅನ್ನೋ ಗುಂಪನ್ನ ಪಶ್ಚಿಮ ದೇಶಗಳ ಅಧ್ಯಯನದಲ್ಲಿ ನೋಡಿದ್ರೆ, ಅವರೇ ಸಾಸೇಜು, ಕೋಲಾ, ಕರಿದ ಆಲೂಗಡ್ಡೆನೂ ಜಾಸ್ತಿ ತಿಂತಿರ್ತಾರೆ, ವ್ಯಾಯಾಮ ಕಮ್ಮಿ, ಸಿಗರೇಟು ಜಾಸ್ತಿ. ಕಳ್ಳ ಯಾರು ಅಂತ ಬಿಡಿಸಿ ಹೇಳೋದು ಕಷ್ಟ.

ನಮ್ಮೂರಿಗೂ ಸಂಬಂಧ ಇರೋ ಒಂದು ಅಧ್ಯಯನ ಇದೆ. ಪ್ಯೂರ್ ಅಂತ ಹೆಸರು, 21 ದೇಶ, ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಅದರಲ್ಲಿದ್ದಾರೆ. 2021ರಲ್ಲಿ ಬಂದ ಫಲಿತಾಂಶದಲ್ಲಿ ದಿನಕ್ಕೆ 350 ಗ್ರಾಂಗಿಂತ ಹೆಚ್ಚು ಸಂಸ್ಕರಿಸಿದ ಗೋಧಿ ಪದಾರ್ಥ ತಿನ್ನೋರಲ್ಲಿ, 50 ಗ್ರಾಂಗಿಂತ ಕಮ್ಮಿ ತಿನ್ನೋರಿಗೆ ಹೋಲಿಸಿದ್ರೆ, ಸಾವಿನ ಅಪಾಯ 27%, ಹೃದಯದ ದೊಡ್ಡ ತೊಂದರೆ 33% ಹೆಚ್ಚು. ಬಿಳಿ ಅಕ್ಕಿಗೆ ಅಂಥ ಸ್ಪಷ್ಟ ಸಂಬಂಧ ಕಾಣಲಿಲ್ಲ. ಇದು ಹೃದಯದ ಲೆಕ್ಕ, ಕ್ಯಾನ್ಸರ್‌ದಲ್ಲ. ಯಾರಾದ್ರೂ ಇದನ್ನ ತಂದು ಕ್ಯಾನ್ಸರ್ ಚರ್ಚೆಯಲ್ಲಿ ತೋರಿಸಿದ್ರೆ ಒಪ್ಪಬೇಡಿ.

ಜೋಳದ ರೊಟ್ಟಿ

ನಮ್ ಕಡೆ ಇಷ್ಟ್ ಲೆಕ್ಕ ಇಲ್ರೀ. ವಿಜಯಪುರದಾಗ ಎರಡ್ಹೊತ್ತು ಬಿಳಿಜೋಳದ ರೊಟ್ಟಿ, ಹೆಸರುಕಾಳ ಪಲ್ಯ, ಶೇಂಗಾ ಚಟ್ನಿ, ಉಳ್ಳಾಗಡ್ಡಿ. ಬೆಂಗಳೂರಿಗೆ ಬಂದ್ ಮ್ಯಾಲ ಮುಂಜಾನೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜಿಕಿ ಪಫ್ಸು, ರಾತ್ರಿ ಮತ್ತ ಅನ್ನ. ದಿನಾ ಪೂರ್ತಿ ಬೆಳ್ಳಗ. ಹೊಟ್ಟಿ ಮುಂದ ಬಂದೈತಿ, ಅದಕ್ಕೂ ಕ್ಯಾನ್ಸರ್‌ಗೂ ಏನರ ಸಂಬಂಧ ಐತೇನ್ರಿ?

ಡಯಟಿಶಿಯನ್, ರಾಜಾಜಿನಗರ

ಐತ್ರಿ. ನಿಜ ಹೇಳಬೇಕಂದ್ರೆ ಅನ್ನಕ್ಕಿಂತ ಹೊಟ್ಟೆಯ ಸಂಬಂಧವೇ ಗಟ್ಟಿ. ಅತಿ ಬೊಜ್ಜಿಗೂ 13 ಬಗೆಯ ಕ್ಯಾನ್ಸರ್‌ಗೂ ಸಂಬಂಧಕ್ಕೆ ಸಾಕಷ್ಟು ಸಾಕ್ಷ್ಯ ಇದೆ ಅಂತ 2016ರಲ್ಲಿ ಅದೇ ಐಎಆರ್‌ಸಿ ಹೇಳಿದೆ. ದೊಡ್ಡ ಕರುಳು, ಮುಟ್ಟು ನಿಂತ ಮೇಲಿನ ಸ್ತನ ಕ್ಯಾನ್ಸರ್, ಗರ್ಭಕೋಶದ ಒಳಪದರ, ಮೂತ್ರಪಿಂಡ, ಮೇದೋಜೀರಕ ಗ್ರಂಥಿ ಎಲ್ಲಾ ಆ ಪಟ್ಟೀಲಿವೆ. ಪಾಲಿಶ್ ಧಾನ್ಯ ಬೇಗ ಸಕ್ಕರೆಯಾಗಿ ರಕ್ತಕ್ಕೆ ಬರುತ್ತೆ, ಇನ್ಸುಲಿನ್ ಏರುತ್ತೆ, ಮತ್ತೆ ಬೇಗ ಹಸಿವು. ವರ್ಷಗಟ್ಟಲೆ ಇನ್ಸುಲಿನ್ ಮೇಲೇ ಇದ್ರೆ ಕೋಶಗಳಿಗೆ "ಬೆಳೀರಿ, ಬೆಳೀರಿ" ಅನ್ನೋ ಸಂದೇಶ ಹೋಗ್ತಾನೇ ಇರುತ್ತೆ. ಊಟದ ಒಟ್ಟು ಗ್ಲೈಸೀಮಿಕ್ ಹೊರೆ (ಊಟ ರಕ್ತದ ಸಕ್ಕರೆಯನ್ನ ಎಷ್ಟು ಏರಿಸುತ್ತೆ ಅನ್ನೋ ಅಳತೆ) ಜಾಸ್ತಿ ಇದ್ರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಬಹುಶಃ ಹೆಚ್ಚುತ್ತೆ ಅಂತ ಅಣ್ಣ ಹೇಳಿದ 2018ರ ವರದಿಯಲ್ಲೇ ಇದೆ. ಧಾನ್ಯದ ಸಕ್ಕರೆಗೂ ಕ್ಯಾನ್ಸರ್‌ಗೂ ಹತ್ತಿರದ ಕೊಂಡಿ ಅಂದ್ರೆ ಅದೊಂದೇ.

ನಿಮ್ಮ ಊರಿನ ಊಟಕ್ಕೆ ವಾಪಸ್ ಹೋಗಿ ಅಷ್ಟೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) ಟೇಬಲ್ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ರಾಗೀಲಿ ಮತ್ತು ಚಪಾತಿ ಹಿಟ್ಟಲ್ಲಿ 11ರ ಹತ್ತಿರ. ಪಾಲಿಶ್ ಅಕ್ಕಿ, ಮೈದಾ ಎರಡರಲ್ಲೂ 3ಕ್ಕಿಂತ ಕಮ್ಮಿ.

ಬೇಕರಿ ಹುಡುಗ, ಹಾಸನ ಮೂಲ

ನಾವು ಮೂರು ತಲೆಮಾರು ಬೇಕರಿ ಜನ, ನನ್ನ ಮಾತು ಪಕ್ಷಪಾತ ಅಂದ್ಕೊಂಡ್ರೆ ತಪ್ಪಿಲ್ಲ. ಆದರೂ ಕೇಳಿ. ಬನ್‌ನಲ್ಲಿ ಹೆದರಬೇಕಾದ್ದು ಮೈದಾಗಿಂತ ಬೇರೆ ಇತ್ತು. 2016ರಲ್ಲಿ ದೆಹಲಿಯ ಸಿಎಸ್‌ಇ ಸಂಸ್ಥೆಯವರು ಬ್ರೆಡ್ ಪರೀಕ್ಷೆ ಮಾಡಿಸಿ ಪೊಟ್ಯಾಸಿಯಂ ಬ್ರೋಮೇಟ್, ಅಯೊಡೇಟ್ ಉಳಿಕೆ ಸಿಕ್ಕಿದೆ ಅಂದಾಗ ನಮ್ಮ ಅಂಗಡಿ ಮುಂದೆ ಜನ ಜಗಳಕ್ಕೇ ಬಂದಿದ್ರು. ಬ್ರೋಮೇಟ್ ಹಾಕಿದ್ರೆ ಹಿಟ್ಟು ಚೆನ್ನಾಗಿ ಉಬ್ಬುತ್ತೆ. ಅದು ಐಎಆರ್‌ಸಿ ಗುಂಪು 2ಬಿ, ಅಂದ್ರೆ ಮನುಷ್ಯರಿಗೆ ಕ್ಯಾನ್ಸರ್ ತರೋ ಸಾಧ್ಯತೆ ಇದೆ ಅನ್ನೋ ಗುಂಪು. ಅದೇ ವರ್ಷ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅದನ್ನ ನಿಷೇಧ ಮಾಡ್ತು.

ಈಗಿನ ದೊಡ್ಡ ಮೋಸ "ಬ್ರೌನ್". ಬಣ್ಣ ಕ್ಯಾರಮೆಲ್‌ದು, ಪ್ಯಾಕೆಟ್ ಹಿಂದೆ 150ಎ ಅಂತಲೋ 150ಡಿ ಅಂತಲೋ ನಂಬರ್ ಇರುತ್ತೆ. ನನ್ನ ಎದುರಿಗೆ ಈಗ ಒಂದು ರಾಗಿ ಬಿಸ್ಕತ್ತಿನ ಪ್ಯಾಕೆಟ್ ಇದೆ (ನಮ್ಮದಲ್ಲ). ಮುಂದೆ ದೊಡ್ಡ ರಾಗಿ ತೆನೆ, ಹಸಿರು ಬಣ್ಣ, ಒಬ್ಬ ರೈತನ ಚಿತ್ರ. ಹಿಂದೆ ಸಣ್ಣಕ್ಷರದಲ್ಲಿ ಮೊದಲ ಹೆಸರು ರಿಫೈನ್ಡ್ ಗೋಧಿ ಹಿಟ್ಟು, ಎರಡನೇದು ಸಕ್ಕರೆ, ಮೂರನೇದು ಪಾಮ್ ಎಣ್ಣೆ, ಆಮೇಲೆ ರಾಗಿ. ಪಟ್ಟೀಲಿ ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನೇ ಮೊದಲು ಬರೀಬೇಕು ಅನ್ನೋದು ಕಾನೂನು. ರೈತನ ಚಿತ್ರಕ್ಕೆ ಆ ಕಾನೂನು ಇಲ್ಲ.

ಮಾಗಡಿ ರೋಡ್ ಮಂದಿ

ಸರಿ, ಹಂಗಾದ್ರೆ ರಾಗಿ ತಿಂದ್ರೆ ಕ್ಯಾನ್ಸರ್ ವಾಸಿ ಆಗುತ್ತೆ ಅನ್ನೋದಾದ್ರೂ ನಿಜಾನಾ?

ಅಂಕಿಅಂಶ ಅಣ್ಣ

ಅದೂ ಇಲ್ಲ. ಆ 17% ಬಂದಿರೋ ಅಧ್ಯಯನಗಳು ಬಹುಪಾಲು ಯುರೋಪು, ಅಮೆರಿಕದ ಜನರ ಮೇಲೆ, ಗೋಧಿ, ರೈ, ಓಟ್ಸ್ ತಿನ್ನೋರ ಮೇಲೆ. ಮುದ್ದೆ ಉಣ್ಣೋರನ್ನ ಯಾರೂ ಹಂಗೆ ಲಕ್ಷಗಟ್ಟಲೆ ಹಿಂಬಾಲಿಸಿಲ್ಲ. ರಾಗಿಯಲ್ಲಿ ನಾರಿದೆ, ಕ್ಯಾಲ್ಸಿಯಂ ಇದೆ, ಅದು ಒಳ್ಳೇ ಆಹಾರ. ಔಷಧಿ ಅಲ್ಲ. ಬಂದಿರೋ ಕ್ಯಾನ್ಸರನ್ನ ಯಾವ ಧಾನ್ಯವೂ ವಾಸಿ ಮಾಡಲ್ಲ.

ನಾರಿನ ಕಥೆಯೂ ನೆಟ್ಟಗೆ ಬಂದದ್ದಲ್ಲ. ಉಗಾಂಡದಲ್ಲಿ ಕೆಲಸ ಮಾಡಿದ ಡೆನಿಸ್ ಬರ್ಕಿಟ್ ಅನ್ನೋ ಸರ್ಜನ್, ಅಲ್ಲಿನ ಹಳ್ಳಿಯವರಿಗೆ ಕರುಳಿನ ಕ್ಯಾನ್ಸರ್ ಅಪರೂಪ, ಅವರ ಊಟದ ನಾರೇ ಕಾರಣ ಇರಬೇಕು ಅಂತ 1971ರಲ್ಲಿ ಬರೆದ. 1999ರಲ್ಲಿ ಅಮೆರಿಕದ ನರ್ಸ್‌ಗಳ ದೊಡ್ಡ ಅಧ್ಯಯನದಲ್ಲಿ ಸಂಬಂಧವೇ ಸಿಗಲಿಲ್ಲ. 2000ದಲ್ಲಿ ನಾರು ಹೆಚ್ಚಿಸಿ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯೋ ಸಣ್ಣ ಗಂಟು) ಮತ್ತೆ ಬರುತ್ತಾ ಅಂತ ನೋಡಿದ ಪ್ರಯೋಗವೂ ಸೋಲ್ತು. 2003ರಲ್ಲಿ ಯುರೋಪಿನ ಎಪಿಕ್ ಅಧ್ಯಯನ ಸಂಬಂಧ ಇದೆ ಅಂತು. ಆಮೇಲೆ ಎಲ್ಲಾ ಸೇರಿಸಿ ನೋಡಿದಾಗ ತಕ್ಕಡಿ ನಾರಿನ ಕಡೆಗೇ ವಾಲಿದೆ. ಅದಕ್ಕೇ ವರದಿಯಲ್ಲಿ "ಬಹುಶಃ" ಅಂತ ಇರೋದು, "ಖಂಡಿತ" ಅಂತ ಅಲ್ಲ.

ಹಿಟ್ಟಿನ ಗಿರಣಿ, ಶ್ರೀನಗರ

ಒಂದು ವಿಷಯ ಯಾರೂ ಹೇಳಲಿಲ್ಲ. ಸಿರಿಧಾನ್ಯ ಅಂದ ಮಾತ್ರಕ್ಕೆ ಪೂರ್ಣ ಧಾನ್ಯ ಅಲ್ಲ. ಸಾಮೆ, ನವಣೆ, ಹಾರಕ ಇವಕ್ಕೆ ಗಟ್ಟಿ ಸಿಪ್ಪೆ ಇದೆ, ಅದನ್ನ ತೆಗೀಲೇಬೇಕು. ಅಲ್ಲಿಗೆ ನಿಲ್ಲಿಸಿದ್ರೆ ಸರಿ. ಸೂಪರ್‌ಮಾರ್ಕೆಟ್‌ನಲ್ಲಿ ಬೆಳ್ಳಗೆ ಫಳಫಳ ಅನ್ನೋ ಸಾಮೆ ಸಿಗುತ್ತಲ್ಲ, ಅದಕ್ಕೆ ಇನ್ನೊಂದು ಸುತ್ತು ಪಾಲಿಶ್ ಆಗಿರುತ್ತೆ. ತೌಡೆಲ್ಲಾ ದನದ ಪಾಲು. ಕೆಜಿಗೆ ಅಕ್ಕಿಯ ಎರಡು ಮೂರು ಪಟ್ಟು ದುಡ್ಡು ಕೊಟ್ಟು ಅಕ್ಕಿಯಂಥದ್ದನ್ನೇ ತರೋದು.

ರಾಗಿ ಬೇರೆ ಥರ. ಕಾಳು ಬಲು ಸಣ್ಣದು, ಹೊರಪದರ ಒಳಗೆ ಅಂಟಿಕೊಂಡಿರುತ್ತೆ, ಸುಲಭಕ್ಕೆ ಬಿಡಿಸಕ್ಕಾಗಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ನೀರು, ಬಿಸಿ ಕೊಟ್ಟು ಬಿಡಿಸೋ ವಿಧಾನ ಕಂಡುಹಿಡಿದಿದ್ದಾರೆ, ಆದರೆ ನಮ್ಮಂಥ ಗಿರಣೀಲಿ ರಾಗಿ ಅಂದ್ರೆ ಇಡೀ ಕಾಳೇ ಹಿಟ್ಟಾಗೋದು. ಮನೇಲಿ ಸಣ್ಣ ಜರಡಿ ಹಿಡಿದು ತೌಡು ಆಚೆ ಎಸೀಬೇಡಿ, ಅಷ್ಟು ಮಾಡಿದ್ರೆ ಸಾಕು. ಗೋಧಿನೂ ಹಂಗೇ. ಕಣ್ಣೆದುರಿಗೆ ಬೀಸಿಸ್ಕೊಂಡು ಹೋಗಿ. ಕೆಂಪಕ್ಕಿ ತಂದ್ರೆ ತಿಂಗಳಿಗಾಗೋವಷ್ಟೇ ತನ್ನಿ, ತೌಡಲ್ಲಿ ಎಣ್ಣೆ ಅಂಶ ಇರೋದ್ರಿಂದ ಬೇಗ ಮುಗ್ಗುತ್ತೆ. ಮುಗ್ಗಿದ್ದು, ಬೂಷ್ಟು ಹಿಡಿದದ್ದು ತೊಳೆದು ತಿನ್ನೋ ಉಳಿತಾಯ ಬೇಡ. ಶೇಂಗಾ, ಮೆಕ್ಕೆಜೋಳದಲ್ಲಂತೂ ಬೂಷ್ಟು ಕಂಡ್ರೆ ಸೀದಾ ಕಸಕ್ಕೆ, ಮೇಲೆ ಹೇಳಿದ ಅಫ್ಲಾಟಾಕ್ಸಿನ್ ಅಲ್ಲೇ ಹುಟ್ಟೋದು.

ಬಸವನಗುಡಿ ಪಿಂಚಣಿದಾರ

ಎಲ್ಲರೂ ಧಾನ್ಯದ ಬಗ್ಗೆ ಬರೆದಿದ್ದೀರಿ, ಸಂತೋಷ. ನನ್ನ ತಮ್ಮ ಎರಡೂ ಹೊತ್ತು ಮುದ್ದೆ ಉಂಡವನು, ಬೇಕರಿ ಮೆಟ್ಟಿಲು ಹತ್ತಿದವನಲ್ಲ. ಮಲದಲ್ಲಿ ರಕ್ತ ಬಂತು. ಮೂಲವ್ಯಾಧಿ ಅಂದುಕೊಂಡ. ತೋರಿಸಿದ ಕಡೆಯೂ ಬೆರಳು ಹಾಕಿ ಪರೀಕ್ಷೆ ಮಾಡದೆ ಮುಲಾಮು ಬರೆದುಕೊಟ್ಟರು. ಗೊತ್ತಾಗುವಷ್ಟರಲ್ಲಿ ಲಿವರ್‌ಗೆ ಹರಡಿತ್ತು. ಮುದ್ದೆ ಉಂಡವನಿಗೆ ಬರಲ್ಲ ಅನ್ನುವ ಧೈರ್ಯವೇ ಅವನನ್ನು ತಡ ಮಾಡಿಸಿತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಡಯಟಿಶಿಯನ್, ರಾಜಾಜಿನಗರ

ಯಜಮಾನರೇ, ನೀವು ಬರೆದದ್ದನ್ನ ಎಲ್ಲರೂ ಇನ್ನೊಮ್ಮೆ ಓದಲಿ. ಮಲದಲ್ಲಿ ರಕ್ತ, ವಾರಗಟ್ಟಲೆ ಮಲವಿಸರ್ಜನೆಯ ರೀತಿ ಬದಲಾಗಿರೋದು, ಕಾರಣ ಇಲ್ಲದೆ ತೂಕ ಇಳಿಯೋದು, ವಯಸ್ಸಾದವರಲ್ಲಿ ಇದ್ದಕ್ಕಿದ್ದ ಹಾಗೆ ರಕ್ತಹೀನತೆ, ಇದರಲ್ಲಿ ಯಾವುದಿದ್ರೂ ಡಾಕ್ಟರ್ ಹತ್ರ ಹೋಗಿ, ಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಿ. ಅಮೆರಿಕದಲ್ಲಿ 45 ದಾಟಿದ ಎಲ್ಲರಿಗೂ ಕರುಳಿನ ತಪಾಸಣೆ ಮಾಡಿಸ್ಕೊಳ್ಳಿ ಅಂತಾರೆ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠ ಮೂರರ ತಪಾಸಣೆ ಇದೆ, ಕರುಳಿನದು ಇಲ್ಲ. ಹಾಗಾಗಿ ನಾವೇ ಕೇಳಬೇಕು. ಸೊಸೆಯವರೇ, ತಂದೆಗೆ ಬಂದಿದೆ ಅಂದಮೇಲೆ ನಿಮ್ಮ ಯಜಮಾನರು, ಅವರ ಅಣ್ಣತಂಗಿಯರು 40ರ ಆಸುಪಾಸಿನಲ್ಲಿದ್ರೆ ಮಾವನ ಡಾಕ್ಟರನ್ನೇ ಕೇಳಿ, ನಮಗೆ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡೋ ಪರೀಕ್ಷೆ) ಯಾವಾಗ ಅಂತ. ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು, ಅಕ್ಕಿ ಬದಲಾಯಿಸೋದು ಆಮೇಲೆ.

ಗಿರಿನಗರದ ಸೊಸೆ

ಇದನ್ನ ಯಾರೂ ಹೇಳಿರಲಿಲ್ಲ. ನಮ್ಮವರಿಗೆ 41. ಇವತ್ತೇ ಕೇಳ್ತೀವಿ. ಅತ್ತೆಗೆ ಅಂಕಿಅಂಶ ಅಣ್ಣನ ಮೊದಲ ಉತ್ತರ ಓದಿ ಹೇಳಿದೆ, "ಹಂಗಾದ್ರೆ ನನ್ನ ಅನ್ನದಿಂದ ಅಲ್ವಾ" ಅಂತ ಎರಡೆರಡು ಸಲ ಕೇಳಿದ್ರು. ಇನ್ನೊಂದು ಪ್ರಶ್ನೆ: ಕ್ಯಾನ್ಸರ್ ಸಕ್ಕರೆ ತಿಂದು ಬೆಳೆಯುತ್ತೆ, ಪೆಟ್ ಸ್ಕ್ಯಾನ್‌ನಲ್ಲಿ ಅದೇ ನೋಡೋದು, ಹಾಗಾಗಿ ಅನ್ನ ನಿಲ್ಲಿಸಿದ್ರೆ ಅದು ಉಪವಾಸ ಸಾಯುತ್ತೆ ಅಂತ ಚಿಕ್ಕಮಾವ ಹೇಳ್ತಿದ್ದಾರೆ.

ಡಯಟಿಶಿಯನ್, ರಾಜಾಜಿನಗರ

ಅರ್ಧ ನಿಜ, ಅದಕ್ಕೇ ಅಪಾಯ. ಗಡ್ಡೆಯ ಕೋಶಗಳು ಗ್ಲುಕೋಸನ್ನ ಜಾಸ್ತಿ ಎಳ್ಕೊಳ್ಳೋದು ನಿಜ, 1920ರ ದಶಕದಲ್ಲೇ ವಾರ್‌ಬರ್ಗ್ ಅನ್ನೋ ಜರ್ಮನ್ ವಿಜ್ಞಾನಿ ಕಂಡಿದ್ದು, ಪೆಟ್ ಸ್ಕ್ಯಾನ್ ಅದನ್ನೇ ಬಳಸುತ್ತೆ. ಆದರೆ ಅನ್ನ ನಿಲ್ಲಿಸಿದ್ರೆ ದೇಹ ತನ್ನ ಮಾಂಸಖಂಡ ಕರಗಿಸಿ ಗ್ಲುಕೋಸ್ ಮಾಡ್ಕೊಳ್ಳುತ್ತೆ. ಗಡ್ಡೆ ಉಪವಾಸ ಬೀಳಲ್ಲ, ಮಾವ ಬೀಳ್ತಾರೆ. ಶುಗರ್ ಕಾಯಿಲೆ ಇದ್ರೆ ಅದರ ಪಥ್ಯ ಬೇರೆ, ಅದನ್ನ ಡಾಕ್ಟ್ರು ಹೇಳಿರ್ತಾರೆ.

ಜೋಳದ ರೊಟ್ಟಿ

ಚಿಕ್ಕಮಾವಂಗ ಈ ಲಿಂಕ್ ಕಳಿಸ್ರಿ.

ಬಿಟಿಎಂ ಪಿಜಿ

ಮಧ್ಯ ಬಂದಿದ್ದಕ್ಕೆ ಸಾರಿ. ನಮ್ಮ ಪಿಜೀಲಿ ಬೆಳಗ್ಗೆ ಪೂರಿ ಇಲ್ಲಾ ಚಿತ್ರಾನ್ನ, ರಾತ್ರಿ ಅನ್ನ, ನೀರು ಸಾರು. ಕೆಂಪಕ್ಕಿ, ಸಾಮೆ ಎಲ್ಲಾ ನನ್ನ ಕೈಲಿಲ್ಲ. ಅಡುಗೆ ಮಾಡೋಕೂ ಬಿಡಲ್ಲ. ಏನ್ ಮಾಡ್ಲಿ?

ಡಯಟಿಶಿಯನ್, ರಾಜಾಜಿನಗರ

ಧಾನ್ಯ ಬದಲಾಗದಿದ್ರೆ ಅದರ ಪಕ್ಕದ್ದು ಬದಲಾಯಿಸಿ. ರಾತ್ರಿ ಒಂದು ಹಿಡಿ ಕಡಲೆಕಾಳು ನೆನೆಹಾಕೋಕೆ ಒಲೆ ಬೇಡ. ಹುರಿಗಡಲೆ, ಶೇಂಗಾ, ಸೀಬೆಹಣ್ಣು, ಸೌತೆಕಾಯಿ, ಕ್ಯಾರೆಟ್ಟು. ಐಸಿಎಂಆರ್ ಲೆಕ್ಕದಲ್ಲಿ 2000 ಕ್ಯಾಲರಿ ಊಟಕ್ಕೆ 30 ಗ್ರಾಂ ನಾರು ಇರಬೇಕು. ಅದು ಧಾನ್ಯದಿಂದಲೇ ಬರಬೇಕು ಅಂತೇನಿಲ್ಲ, ಕಾಳಿನಲ್ಲಿ ಇನ್ನೂ ಜಾಸ್ತಿ ಇದೆ. ಒಂದೇ ದಿನ ಎಲ್ಲಾ ಶುರು ಮಾಡಬೇಡಿ, ಗ್ಯಾಸ್ ಆಗಿ ರೂಮ್‌ಮೇಟ್ ಓಡಿಹೋಗ್ತಾರೆ. ನೀರು ಜಾಸ್ತಿ ಕುಡೀರಿ. ಸಿಗರೇಟು, ಗುಟ್ಕಾ ಇದ್ರೆ ಮೊದಲು ಅದನ್ನ ಬಿಡಿ, ಪೂರಿ ಬಗ್ಗೆ ಆಮೇಲೆ ಮಾತಾಡೋಣ.

ಹಿಟ್ಟಿನ ಗಿರಣಿ, ಶ್ರೀನಗರ

ಬಿಟಿಎಂ ತಮ್ಮಾ, ನಿಮ್ಮ ಕಡೆ ಮುದ್ದೆ ಮೆಸ್ಸುಗಳು ಬೇಕಾದಷ್ಟಿವೆ, ಆಟೋದವರನ್ನ ಕೇಳು, ಅವರು ಉಣ್ಣೋ ಕಡೆಗೇ ಹೋಗು. ಬಸ್ಸಾರು ಮಾಡೋ ದಿನ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಬೇಕು, ಇಲ್ಲಾಂದ್ರೆ ಪಲ್ಯ ಖಾಲಿ ಆಗಿರುತ್ತೆ.